ಭಾವನ ಗುಂಡನೆ ಪೈಪು

...ಇಲ್ಲ ಅಕ್ಕ, ಬಾಗಿಲು ಅಲ್ಲಾಡಿಸಬೇಡ. ಅಲ್ಲಾಡಿಸಿದಷ್ಟೂ ಇನ್ನೂ ಕಚ್ಚಿಕೊಳ್ಳುತ್ತೆ. ಬೀಗದ ನಾಲಿಗೆ ಚೌಕಟ್ಟಿನೊಳಗೇ ಎಲ್ಲೋ ಸಿಕ್ಕಿಹಾಕ್ಕೊಂಡಿದೆ ಅನ್ಸುತ್ತೆ. ನಾನು ಒಳಗಿಂದ ಎಳೆದೆ, ತಳ್ಳಿದೆ, ಹೆಗಲು ಕೊಟ್ಟು ನೋಡಿದೆ... ಊಹೂಂ. ಕೀನಾ? ಕೀ ನನ್ನ ಹತ್ರ ಎಲ್ಲಿದೆ? ಆಫೀಸಿನ ಗೋಡೆ ಮೊಳೆಯಲ್ಲಿ ನೋಡು. ಅಲ್ಲಿಲ್ವಾ? ಹಾಗಾದರೆ ಯಾರೋ ಎಲ್ಲೋ ಇಟ್ಟಿದಾರೆ. ಈ ವರ್ಕ್‌ಶಾಪಲ್ಲಿ ಇಟ್ಟ ವಸ್ತು ಇಟ್ಟ ಕಡೆ ಇದ್ದದ್ದು ಯಾವತ್ತು ಹೇಳು.

ಯಾಕೆ ನಗ್ತೀಯ? ನಕ್ಕೆ ನೀನು, ನನಗೆ ಕೇಳಿಸ್ತು. ಮೂಗಲ್ಲಿ ನಕ್ಕೆ. ತಮ್ಮ ಟೆಸ್ಟ್ ರೂಮಲ್ಲಿ ಇಲಿ ಬೋನಿಗೆ ಬಿದ್ದ ಹಾಗೆ ಬಿದ್ದಿದಾನೆ, ನಿನಗೆ ನಗು. ನಗು, ಪರವಾಗಿಲ್ಲ. ನೀನು ನಕ್ಕರೆ ನನಗೆ ಅರ್ಧ ಧೈರ್ಯ. ಸುಮ್ಮನಾದರೇ ಕಷ್ಟ.

ವೆಲ್ಡರ್ ಎಲ್ಲಿ? ಈಗ ಇಲ್ಲೇ ಬಡೀತಾ ಇದ್ನಲ್ಲ... ಗ್ರೈಂಡರ್ ತರೋಕೆ ಕಳಿಸಿದ್ಯಾ? ಬೀಗ ಕೊಯ್ಯೋಕೆ? ಬೇಡ ಬೇಡ ಬೇಡ. ವಾಪಸ್ ಕರಿ ಅವನನ್ನ. ಭಾವ ನಿಂತು ಹಾಕಿಸಿದ ಬಾಗಿಲು ಅಕ್ಕ ಇದು. ಮರ ಆರಿಸೋಕೆ ಎಷ್ಟು ಅಂಗಡಿ ತಿರುಗಿದ್ರು ಅವರು, ನೀನೇ ಹೇಳ್ತಿದ್ದೆ, ಮದುವೆ ಹೆಣ್ಣನ್ನೂ ಇಷ್ಟು ಹುಡುಕಲಿಲ್ಲ ಅಂತ. ಅದಕ್ಕೆ ಗ್ರೈಂಡರ್ ಹಾಕಿಸ್ತೀಯಾ? ಸ್ವಲ್ಪ ಹೊತ್ತು ಬಿಡು. ತಣ್ಣಗಾದರೆ ಬೀಗ ತಾನಾಗೇ ಸಡಿಲ ಆಗುತ್ತೆ. ಆಗುತ್ತೆ ಅಕ್ಕ. ಕಬ್ಬಿಣ ಅಲ್ವಾ.

ಲಾರಿ ಇನ್ನೂ ಗೇಟಲ್ಲೇ ಇದೆಯಾ? ಇದೆ ಇದೆ, ಇಂಜಿನ್ ಶಬ್ದ ಕೇಳಿಸ್ತಿದೆ. ಯಾಕೆ ಆಫ್ ಮಾಡಲ್ಲ ಅವನು? ಎಣ್ಣೆ ಬಾವಿ ಕಂಪನಿಯವನು ಆಫೀಸಲ್ಲಿ ಕೂತಿದಾನಾ? ಟೀ ಕೊಟ್ಟೆಯಾ? ಇನ್ನೊಂದು ಕೊಡು. ಗೊತ್ತು ಅಕ್ಕ, ಗೊತ್ತು. ಮರಳು ಸೋಸೋ ಜಾಲರಿಗಳನ್ನೆಲ್ಲ ಏರಿಸಿ ಹಗ್ಗ ಬಿಗಿದಾಗಿದೆ, ಬಂದರಲ್ಲಿ ಹಡಗು ಕಾಯ್ತಾ ಇದೆ, ಸಮುದ್ರದ ನಡುವೆ ಆ ರಿಗ್‌ನವರು ಬಾವಿ ಕೊರೆದು ಕೂತಿದಾರೆ. ಸರ್ಟಿಫಿಕೇಟಿಗೆ ನನ್ನ ರುಜು ಒಂದು, ಸೀಲು ಒಂದು ಬಿದ್ದರೆ ಲಾರಿ ಹೊರಡುತ್ತೆ. ಸೀಲು ನನ್ನ ಜೇಬಲ್ಲಿದೆ. ನಾನು ಇಲ್ಲಿದೀನಿ. ಏನು ಮಾಡೋದು, ಗ್ರಹಚಾರ.

ಟೆಸ್ಟಾ? ಚೆನ್ನಾಗೇ ಆಯ್ತು. ಎಲ್ಲ ಚೆನ್ನಾಗಿದೆ. ಇವತ್ತು ಸುಮ್ಮನೆ ಇನ್ನೊಂದು ಸಲ ನೋಡೋಣ ಅಂತ ಬಂದೆ ಅಷ್ಟೆ. ನನ್ನ ಸಮಾಧಾನಕ್ಕೆ.

ಅಕ್ಕ?

ಇದೀಯಾ? ಹ್ಞಾಂ, ಬಳೆ ಸದ್ದು ಕೇಳಿಸ್ತು. ಕುರ್ಚಿ ತರಿಸ್ಕೋ, ನಿಂತೇ ಇರಬೇಡ, ನಿನ್ನ ಮಂಡಿ ಮೊದಲೇ ಸರಿ ಇಲ್ಲ. ನಾನೂ ಬಕೆಟ್ ಬೋರಲು ಹಾಕಿ ಕೂತಿದೀನಿ. ಚಿಕ್ಕವರಿದ್ದಾಗ ಹೀಗೇ ಅಲ್ವಾ, ನಾನು ಅತ್ತು ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡ್ರೆ ನೀನು ಹೊರಗೆ ನೆಲದ ಮೇಲೆ ಕೂತು ಲೆಕ್ಕ ಹೇಳಿಕೊಡ್ತಿದ್ದೆ. ಅಮ್ಮ ಇದ್ದಿದ್ದರೆ ಬಾಗಿಲು ಒಡೀತಿದ್ಲು ಅಂತಿದ್ರು ಎಲ್ಲರೂ. ನೀನು ಒಡೀಲಿಲ್ಲ, ಕೂತ್ಕೊಂಡೆ. ಈಗ ಗ್ರೈಂಡರ್ ತರಿಸ್ತೀಯ. ವಯಸ್ಸಾಯ್ತು ನಿನಗೆ, ತಾಳ್ಮೆ ಕಮ್ಮಿ ಆಯ್ತು.

ಈ ಜಾಲರೀನ ಭಾವನಿಗೆ ಮೊದಲು ತೋರಿಸಿದ್ದು ನೆನಪಿದೆಯಾ? ನಿಮ್ಮ ಮನೆ ಊಟದ ಮೇಜಿನ ಮೇಲೆ, ಕಾಗದದಲ್ಲಿ ಮಾಡಿ. ನೀನು ತಟ್ಟೆ ಎತ್ತಿಲ್ಲ ಅಂತ ಬೈತಾ ಇದ್ದೆ. ಎಣ್ಣೆ ಇರೋದೇ ಮರಳಿನ ಸಂದಿಯಲ್ಲಿ ಭಾವ, ಎಣ್ಣೆ ಎಳೆದರೆ ಮರಳೂ ಬರುತ್ತೆ, ಸೋಸಬೇಕು ಅಂದೆ. ಹಳೇ ಥರದ ಜಾಲರಿ ಇಳಿಸಿದರೆ ಅದಕ್ಕೂ ಬಾವಿ ಗೋಡೆಗೂ ನಡುವೆ ಸಂದು ಉಳಿಯುತ್ತೆ, ಮರಳು ಅಲ್ಲಿ ಕುಸಿದು ಕುಸಿದು ಜಾಲರೀನೇ ತಿಂದುಹಾಕುತ್ತೆ. ನಮ್ಮದು ಸಣ್ಣ ಪೈಪಾಗಿ ಇಳಿಯುತ್ತೆ. ಇಳಿದ ಮೇಲೆ ಒಳಗಿಂದ ಉಕ್ಕಿನ ಕೋನ್ ತಳ್ಳಿದರೆ ಪೈಪು ಉಬ್ಬುತ್ತೆ. ಅದರ ಮೈಮೇಲಿರೋ ತಂತಿಬಲೆ ಹಾಳೆಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಇರ್ತಾವಲ್ಲ, ಅವು ಜಾರಿ ಬಿಚ್ಕೊಳ್ಳುತ್ವೆ. ಜಾಲರಿ ಹೋಗಿ ಗೋಡೆಗೆ ಒತ್ತಿ ಕೂರುತ್ತೆ. ಸಂದೇ ಇಲ್ಲ ಅಂದಮೇಲೆ ಮರಳಿಗೆ ಅಲ್ಲಾಡೋಕೆ ಜಾಗ ಎಲ್ಲಿ? ಭಾವ ಆ ಕಾಗದದ ಕೊಳವೆ ಬೆರಳಿಗೆ ಹಾಕ್ಕೊಂಡು ಉಬ್ಬಿಸಿ ಉಬ್ಬಿಸಿ ನೋಡಿದ್ರು. ಮತ್ತೆ ಸಣ್ಣಗೆ ಮಾಡೋದು ಹೇಗೋ ಅಂದ್ರು. ಆಗಲ್ಲ ಭಾವ, ಒಂದು ಸಲ ಉಬ್ಬಿದರೆ ಮುಗೀತು, ಹಿಂದಕ್ಕೆ ಬರಲ್ಲ, ಬಾವಿಯಿಂದ ತೆಗೆಯೋಕೂ ಬರಲ್ಲ ಅಂದೆ. ನಾನು ಇನ್ನೊಬ್ಬರ ಎದುರಿಗೆ 'ಆಗಲ್ಲ' ಅಂದಿದ್ದು ಅದೊಂದೇ ಸಲ ಇರಬೇಕು. ಅದೂ ಪೈಪಿನ ಪರವಾಗಿ.

ಮತ್ತೆ ನಕ್ಕೆ. ಹೌದು, ನಿನಗಲ್ಲದೆ ಇನ್ಯಾರಿಗೆ ಗೊತ್ತು ನನ್ನ ಹಣೆಬರಹ. ಅಂಗಡಿಯವನು ಚಿಕ್ಕ ಚಪ್ಪಲಿ ಕೊಟ್ಟು ಸರಿಯಾಗಿದೆಯಾ ಅಂದ್ರೆ ಹೂಂ ಅಂದು, ಹರಿಯೋವರೆಗೂ ಕುಂಟಿಕೊಂಡು ಓಡಾಡಿದವನು ನಾನು. ನೀನು ನಿನ್ನ ಗೆಳತಿಯ ತಂಗೀನ ತೋರಿಸಿ ಹೇಗಿದಾಳೋ ಅಂದೆ, ಹೂಂ ಅಂದೆ, ಮದುವೆ ಆಗಿಹೋಯ್ತು. ನನ್ನ ಪುಣ್ಯ, ಒಳ್ಳೆಯವಳು ಸಿಕ್ಕಳು. ಅವಳ ಗ್ರಹಚಾರ, ನಾನು ಸಿಕ್ಕಿದೆ. ನಿನ್ನ ಮಕ್ಕಳು 'ಹೂಂ ಮಾಮ' ಅಂತ ಹೆಸರಿಟ್ಟಾಗ ನೀನು ಅವರಿಗೆ ಬೈದೆ, ನೆನಪಿದೆಯಾ? ನಾನು ಅದಕ್ಕೂ ಹೂಂ ಅಂದೆ.

ಏನದು? ಬಾಗಿಲ ಕೆಳಗೆ ಏನೋ ಬರ್ತಾ ಇದೆ...

ಕಾಗದ. ಸರ್ಟಿಫಿಕೇಟ್. ಓ.

ಅಕ್ಕ, ನೀನು ಭಾರಿ ಜಾಣೆ. ಇದು ನನಗೆ ಹೊಳೆದೇ ಇರಲಿಲ್ಲ ನೋಡು. ಬಾಗಿಲು ತೆಗೆಯೋದೇ ಬೇಡ, ರುಜು ಹಾಕು, ಸೀಲು ಒತ್ತು, ವಾಪಸ್ ತಳ್ಳು. ಲಾರಿ ಹೊರಡಲಿ, ನೀನು ಒಳಗೇ ಇರು ಎಷ್ಟು ಹೊತ್ತು ಬೇಕೋ ಅಂತೀಯ. ಹ್ಞಾಂ. ಸರಿ. ಸರಿ ಸರಿ. ಪೆನ್ನು... ಪೆನ್ನೂ ತಳ್ಳಿದ್ಯಾ. ಎಲ್ಲಾ ಯೋಚನೆ ಮಾಡಿ ಬಂದಿದೀಯ.

ಒಂದು ನಿಮಿಷ. ಕನ್ನಡಕ ಎಲ್ಲಿಟ್ಟೆ... ಇಲ್ಲೇ ಇದೆ, ಹಣೆ ಮೇಲೆ. ಬೆಳಕು ಸಾಲದು ಇಲ್ಲಿ. ಕಾಣುತ್ತೆ, ಕಾಣುತ್ತೆ, ಆದರೆ ಸರಿಯಾಗಿ ಕಾಣಲ್ಲ. "ಪರೀಕ್ಷಿಸಿ ನೋಡಲಾಗಿದೆ, ಮರಳು ಸೋರಿಕೆ ಇಲ್ಲ." ಯಾರು ಟೈಪ್ ಮಾಡಿದ್ದು? ನೀನೇನಾ? ಚೆನ್ನಾಗಿದೆ. ತಪ್ಪೇ ಇಲ್ಲ.

ಪೆನ್ನು ಬರೀತಿಲ್ಲ ಅಕ್ಕ. ಗೀಚಿದೆ, ಬರೀತಿಲ್ಲ. ಆಮೇಲೆ ಈ ಕಾಗದಾನೂ ಒದ್ದೆಯಾಗಿದೆ ನೋಡು, ಕೆಳಗೆ ಸ್ವಲ್ಪ ನೀರು ಚೆಲ್ಲಿತ್ತು. ಇದರ ಮೇಲೆ ಸೀಲು ಒತ್ತಿದರೆ ಹರಡಿಹೋಗುತ್ತೆ, ಬಾವಿಯವನು ಒಪ್ಪಲ್ಲ. ತಗೋ, ವಾಪಸ್ ತಳ್ತಾ ಇದೀನಿ. ಬೇರೆ ಟೈಪ್ ಮಾಡಿಸಿ ತಾ. ನಿಧಾನಕ್ಕೆ ಮಾಡಿಸು, ಅವಸರ ಇಲ್ಲ.

ತಗೊಂಡ್ಯಾ?

ಅಕ್ಕ, ತಗೊಂಡ್ಯಾ ಅಂದೆ.

ಯಾಕೆ ಹೋಗ್ತಿಲ್ಲ? ಅಲ್ಲೇ ಇದೀಯ ನೀನು. ಬಗ್ಗಿ ಕೂತಿದೀಯ, ಉಸಿರು ಇಷ್ಟು ಕೆಳಗಿಂದ ಬರ್ತಿದೆ. ಏನು ನೋಡ್ತಿದೀಯ? ನೀರೇ ಅದು, ಪಂಪಿನ ಪೈಪು ಸ್ವಲ್ಪ ಜಾರಿತ್ತು. ಕಾಗದದ ಮೇಲಾ? ಕಾಗದದ ಮೇಲೆ ಏನಿದೆ... ಧೂಳಿರಬೇಕು. ಇಲ್ಲಿ ಯಾರು ಗುಡಿಸ್ತಾರೆ.

ಬೆರಳಲ್ಲಿ ಉಜ್ಜಬೇಡ ಅಕ್ಕ.

ಉಜ್ಜಬೇಡ. ಗೊತ್ತಾಯ್ತು ಬಿಡು ನಿನಗೆ. ಧೂಳಲ್ಲ. ಭಾವನ ಜೊತೆ ಇಷ್ಟು ವರ್ಷ ಇದ್ದವಳು, ನಿನಗೆ ಧೂಳು ಯಾವುದು ಮರಳು ಯಾವುದು ಅಂತ ನಾನು ಹೇಳಬೇಕಾ.

ಹೌದು, ಸೋರಿತು. ಮರಳು ಸೋರಿತು.

ತಾಳು, ಪೂರ್ತಿ ಕೇಳು. ನಾನು ಸುಳ್ಳು ಹೇಳಲಿಲ್ಲ, ಮೊದಲಿನ ಟೆಸ್ಟೆಲ್ಲ ನಿಜವಾಗಿ ಚೆನ್ನಾಗೇ ಆಗಿತ್ತು. ನೀನೇ ಬಂದು ನೋಡಿದ್ಯಲ್ಲ, ಗಾಜಿನ ಜಾಡಿಯಲ್ಲಿ ನೀರು ತಿಳಿಯಾಗಿ ಬಿತ್ತು, ನೀನು ಜಾಡಿ ಎತ್ತಿ ಬೆಳಕಿಗೆ ಹಿಡಿದೆ, ಕಣ್ಣು ಒರೆಸ್ಕೊಂಡೆ. ಭಾವ ಇದ್ದಿದ್ದರೆ ಅಂದೆ. ಅದೆಲ್ಲ ಭಾವನ ಪೈಪಲ್ಲಿ ಮಾಡಿದ್ದು. ನಾವು ಯಾವತ್ತೂ ಎಲ್ಲಾನೂ ಭಾವನ ಪೈಪಲ್ಲೇ ಮಾಡೋದು. ಬಾವಿಯ ತೂತಿನ ಬದಲಿಗೆ ಆ ದಪ್ಪ ಪೈಪು, ಅದರೊಳಗೆ ನಮ್ಮ ಜಾಲರಿ ಇಟ್ಟು ಉಬ್ಬಿಸೋದು, ಸುತ್ತ ಮರಳು ನೀರು ಬಿಡೋದು. ಭಾವ ತಮ್ಮ ಕೈಯಾರೆ ಲೇತಲ್ಲಿ ಕೊರೆದ ಪೈಪು. ಅಷ್ಟು ಗುಂಡನೆ ಪೈಪು ನಾನು ಬೇರೆಲ್ಲೂ ನೋಡಿಲ್ಲ. ಕೂದಲಷ್ಟು ವ್ಯತ್ಯಾಸ ಇಲ್ಲ. ನೀನು ಅದಕ್ಕೆ ದಿನಾ ಬಟ್ಟೆ ಹಿಡಿದು ಒರೆಸ್ತೀಯ, ಎಣ್ಣೆ ಹಚ್ತೀಯ. ಬೇರೆ ಯಾರಾದರೂ ಮುಟ್ಟಿದರೆ ಮುಖ ಕೆಂಪಾಗುತ್ತೆ ನಿನಗೆ.

ಅಕ್ಕ, ಬಾವಿ ಅಷ್ಟು ಗುಂಡಗಿರಲ್ಲ.

ಹೇಳಿಬಿಟ್ಟೆ. ನಾನಾಗಿ ಕಂಡುಹಿಡಿದಿದ್ದೇನಲ್ಲ. ನಿನ್ನೆ ಆ ಬಾವಿ ಕಂಪನಿಯವನು ಟೀ ಕುಡೀತಾ ಹೇಳಿದ, ನೆಲದೊಳಗಿನ ತೂತು ಎಲ್ಲಿ ಗುಂಡಗಿರುತ್ತೆ ಸಾರ್, ಒಂದು ಕಡೆ ಕುಸಿದು ಕುಸಿದು ಮೊಟ್ಟೆ ಥರ ಆಗಿರುತ್ತೆ, ಅದನ್ನೆಲ್ಲ ನೀವು ನೋಡೇ ಇರ್ತೀರಿ ಅಂತ. ನೀನು ಅಲ್ಲೇ ಕೂತಿದ್ದೆ, ಫೋನಲ್ಲಿದ್ದೆ. ಅವನು ನನ್ನ ಮುಖ ನೋಡಿದ.

ನಾನು ಹೂಂ ಅಂದೆ.

ಬಾಯಿಂದ ಬಂದುಬಿಡ್ತು ಅಕ್ಕ. ಯೋಚನೆ ಮಾಡಿ ಹೇಳಿದ್ದಲ್ಲ, ಯಾವಾಗಲೂ ಬರೋ ಹಾಗೇ ಬಂತು. ಅವನು ಸಮಾಧಾನವಾಗಿ ಇನ್ನೊಂದು ಬಿಸ್ಕತ್ತು ತಗೊಂಡ.

ಇವತ್ತು ನೀವೆಲ್ಲ ಲಾರಿಗೆ ಏರಿಸ್ತಿದ್ದಾಗ ನಾನು ಒಂದು ಹಳೇ ಪೈಪು ಎಳ್ಕೊಂಡು ಬಂದೆ. ಸುತ್ತಿಗೆಯಲ್ಲಿ ಬಡಿದೆ, ಮೊಟ್ಟೆ ಥರ ಮಾಡಿದೆ. ಉಳಿದಿದ್ದ ಜಾಲರಿ ತುಂಡು ಒಳಗಿಟ್ಟು ಕೋನ್ ತಳ್ಳಿದೆ. ಗೋಡೆ ಹತ್ತಿರ ಇರೋ ಕಡೆ ಜಾಲರಿ ಬೇಗ ತಾಗಿ ನಿಂತುಬಿಡ್ತು. ಆಗ ದೂರ ಇರೋ ಕಡೆಯ ಹಾಳೆಗಳೇ ಎಲ್ಲಾ ಎಳೆತ ತಗೊಂಡ್ವು. ಆ ಹಾಳೆಗಳು ಜಾರ್ತಾ ಜಾರ್ತಾ ಹೋಗಿ... ಒಂದರ ಮೇಲೊಂದು ಇರಬೇಕಾದ್ದು ಬಿಟ್ಕೊಂಡ್ವು. ಸೀಳು. ಉಗುರು ತೂರೋವಷ್ಟು. ನೀರು ಬಿಟ್ಟೆ. ಜಾಡಿ ತುಂಬ ಮರಳು ಬಿತ್ತು. ಅದನ್ನ ಎತ್ತಿ ಇಡೋಕೆ ಹೋಗಿ ಚೆಲ್ಲಿಬಿಟ್ಟೆ. ಅದೇ ನಿನ್ನ ಕಾಲ ಹತ್ರ ಬಂದಿರೋದು.

ಮಾತಾಡು.

ಬೈಯಿ. ನಿನ್ನ ಬೈಗುಳ ನನಗೆ ಅಭ್ಯಾಸ ಇದೆ. ಈ ಸುಮ್ಮನಿರೋದನ್ನ ಮಾತ್ರ ತಡ್ಕೊಳ್ಳೋಕೆ ಆಗಲ್ಲ. ಅಪ್ಪ ಹೋದ ದಿನ ಹೀಗೇ ಸುಮ್ಮನಿದ್ದೆ ನೀನು.

ಏನು ಯೋಚನೆ ಮಾಡ್ತಿದೀಯ ಅಂತ ನನಗೆ ಗೊತ್ತು. ಹಾಳೆ ಅಗಲ ಮಾಡಿದರೆ ಆಗಲ್ವಾ ಅಂತ. ಆಗುತ್ತೆ. ಅದೇನು ದೊಡ್ಡ ವಿಷಯ ಅಲ್ಲ. ಹಾಳೆ ಅಗಲ ಮಾಡಿ, ಹೆಚ್ಚು ಒಂದರ ಮೇಲೊಂದು ಬರೋ ಹಾಗೆ ಕೂರಿಸಿದರೆ ಮೊಟ್ಟೆ ಪೈಪಲ್ಲೂ ನಿಲ್ಲುತ್ತೆ, ನನಗೆ ಅನುಮಾನ ಇಲ್ಲ. ಆದರೆ ಎಲ್ಲ ಬಿಚ್ಚಬೇಕು. ಮೊದಲಿಂದ ಮಾಡಬೇಕು. ಈ ಹಡಗು ಹೋಗಿಬಿಡುತ್ತೆ. ಭಾವ ಹೋದ ಮೇಲೆ ಬಂದ ಮೊದಲನೇ ದೊಡ್ಡ ಕೆಲಸ. ಹೆಂಗಸು ಏನು ನಡೆಸ್ತಾಳೆ ಅಂದವರ ಬಾಯಿ ಮುಚ್ಚಿಸೋಕೆ ಅಂತ ನೀನು ಹಿಡಿದ ಕೆಲಸ. ವೆಲ್ಡರ್ ಹೆಂಡತಿ ಕೂಡ ಇದರ ದುಡ್ಡನ್ನೇ ನಂಬ್ಕೊಂಡು ಕೂತಿದಾಳೆ. ಅವರೆಲ್ಲರ ಎದುರಿಗೆ ನಾನು ಬಂದು... ಅಕ್ಕ, ನನ್ನ ಕೈಲಿ ಅದು ಆಗುತ್ತಾ? ನೀನೇ ಹೇಳು.

ಕಳಿಸಿಬಿಟ್ಟರೂ ಏನೂ ಆಗದೇ ಇರಬಹುದು. ಆ ಬಾವಿ ಗುಂಡಗೇ ಇದ್ದರೂ ಇರಬಹುದು. ಯಾರು ಕಂಡಿದಾರೆ ಒಳಗೆ ಇಳಿದು? ಇದನ್ನೂ ಯೋಚನೆ ಮಾಡಿದೆ ನಾನು, ಇಲ್ಲ ಅನ್ನಲ್ಲ. ಬಕೆಟ್ ಮೇಲೆ ಕೂತು ಅದನ್ನೇ ಯೋಚನೆ ಮಾಡ್ತಿದ್ದೆ. ಆಮೇಲೆ ನಿನ್ನ ಮೇಜಿನ ಮೇಲೆ ಆ ಕಂಪನಿಯವನು ತಂದಿಟ್ಟ ಆ ಬಾಗಿದ ಪೈಪಿನ ತುಂಡು ಕಣ್ಮುಂದೆ ಬಂತು. ಅಂಗೈ ದಪ್ಪದ ಉಕ್ಕು, ಹುಳ ಕೊರೆದ ಹಣ್ಣಿನ ಥರ ತೂತು. ಹಳೇ ಬಾವಿಯಲ್ಲಿ ಮರಳು ಎಣ್ಣೆ ಜೊತೆ ರಭಸವಾಗಿ ಬಂದು ಬಂದು ಕೊರೆದಿದ್ದು ಅಂದ. ಆ ಪೈಪಿನ ಪಕ್ಕ ನಿಂತಿದ್ದವನು ಏನಾದ ಅಂತ ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ. ನೀನು ಅದನ್ನ ಕಾಗದ ಹಾರದೇ ಇರೋಕೆ ಇಟ್ಕೊಂಡಿದೀಯ.

ಹಾಗಾಗಿ ಬೀಗ ಕಚ್ಚಿಕೊಂಡಿದ್ದು ಒಂಥರಾ ಒಳ್ಳೇದೇ ಆಯ್ತು ಅಂತೀನಿ. ದೇವರೇ ಮಾಡಿದ ಹಾಗೆ. ಈಗ ನೀನು ಹೋಗಿ ಅವನಿಗೆ ಹೇಳು, ಬಾಗಿಲು ತೆಗೆಯೋಕೆ ಆಗ್ತಿಲ್ಲ, ಸೀಲು ಒಳಗಿದೆ, ಇವತ್ತು ಆಗಲ್ಲ ಅಂತ. ಹಡಗು ಹೋಗಲಿ. ಯಾರ ತಪ್ಪೂ ಅಲ್ಲ, ಬೀಗದ ತಪ್ಪು. ಆಮೇಲೆ ನಿಧಾನಕ್ಕೆ, ಇನ್ನೊಂದು ಸಲ ನೋಡಿದಾಗ ಗೊತ್ತಾಯ್ತು ಅಂತ ಹೇಳೋಣ. ಏನಂತೀಯ? ಯಾರಿಗೂ ಬೇಜಾರಿಲ್ಲ. ಬೀಗ ಕೆಟ್ಟರೆ ಯಾರು ಯಾರನ್ನ ಕೇಳೋಕಾಗುತ್ತೆ?

ಹೋಗು ಅಕ್ಕ.

ಏನದು ಸದ್ದು? ಗೊಂಚಲಾ... ಭಾವನ ಕೀ ಗೊಂಚಲು. ಅದರಲ್ಲಿ ಈ ರೂಮಿಂದು ಇದೆಯಾ? ಅದು ಕಳೆದುಹೋಯ್ತು ಅಂದಿದ್ಯಲ್ಲ. ಹಾಕಬೇಡ ಅಕ್ಕ. ಬೇಡ, ಹೋಗಲ್ಲ ಅದು, ತೂತಿನಲ್ಲಿ ತುಕ್ಕು ಹಿಡಿದಿದೆ. ಹೋಗಲ್ಲ ಅಂದ್ನಲ್ಲ, ಏನೋ ಅಡ್ಡ ಇದೆ. ತಳ್ಳಬೇಡ. ತಳ್ಳಬೇಡ ಅಕ್ಕ, ಒಳಗಡೆ...

...

ಬಿತ್ತು.

ಕೇಳಿಸ್ತಾ? ಕೇಳಿಸಿರುತ್ತೆ. ಖಾಲಿ ರೂಮು, ಸಿಮೆಂಟ್ ನೆಲ. ಪಂಪಿನ ನಟ್ಟು ಅಂತ ಹೇಳೋಣ ಅಂದ್ಕೊಂಡೆ. ಬಾಯಿ ತೆರೆದೆ, ಬರಲಿಲ್ಲ.

ಕೀ ಒಳಗಡೆನೇ ಇತ್ತು. ಬೀಗದಲ್ಲೇ ಇತ್ತು, ಈ ಕಡೆಯಿಂದ. ನಾನೇ ತಿರುಗಿಸಿದ್ದು. ಬೀಗಕ್ಕೆ ಏನೂ ಆಗಿಲ್ಲ.

ಈಗ ನಿನ್ನ ಕೀ ಸಲೀಸಾಗಿ ಹೋಯ್ತಲ್ಲ. ತಿರುಗಿಸು ಮತ್ತೆ.

ಯಾಕೆ ತಿರುಗಿಸ್ತಿಲ್ಲ?

ಅಕ್ಕ... ಎಷ್ಟು ಹೊತ್ತು ಹೀಗೆ ನಿಲ್ತೀಯ? ತೆಗಿ. ತೆಗೆದು ಒಂದು ಏಟು ಕೊಡು ಬೇಕಾದರೆ. ಕೈ ಹಿಡ್ಕೊಂಡು ಆಫೀಸಿಗೆ ಎಳ್ಕೊಂಡು ಹೋಗು, ನೀನೇ ಅವನಿಗೆ ಹೇಳಿಬಿಡು, ನಾನು ಪಕ್ಕದಲ್ಲಿ ನಿಂತಿರ್ತೀನಿ. ಇಷ್ಟು ವರ್ಷ ಹಾಗೇ ತಾನೇ ನಡೆದಿದ್ದು. ಸ್ಕೂಲಲ್ಲಿ ಮೇಷ್ಟ್ರಿಗೆ ನೀನೇ ಹೇಳಿದೆ, ಮೊದಲನೇ ಕೆಲಸ ಬಿಡೋವಾಗ ಅವರಿಗೂ ನೀನೇ ಹೇಳಿದೆ. ಇದೊಂದು ಸಲ ಹೇಳಿಬಿಡು ಅಕ್ಕ. ಹೇಳ್ತೀಯಾ?

ಕೀ ವಾಪಸ್ ಎಳ್ಕೊಂಡೆ. ಕೇಳಿಸ್ತು.

ಹೋಗ್ತಿದೀಯಾ? ಇಲ್ಲ. ಹೆಜ್ಜೆ ಸದ್ದಿಲ್ಲ. ಬಾಗಿಲಿಗೆ ಒರಗಿದೀಯ, ಹಲಗೆ ಕಿರುಗುಟ್ಟಿತು. ಇಲ್ಲೇ ಇದೀಯ. ಇದ್ದೂ ತೆಗೆಯಲ್ಲ.

ಓ.

ನಾನೇ ತೆಗೆದು ಬರಲಿ ಅಂತ. ಅವನು ಇನ್ನೂ ಆಫೀಸಲ್ಲೇ ಇದಾನಾ? ವೆಲ್ಡರ್ ಎಲ್ಲಾರೂ ಹೊರಗಿದಾರಾ, ಅಂಗಳದಲ್ಲಿ? ಇರ್ತಾರೆ. ಅವನಿಗೆ ಏನಂತ ಹೇಳಬೇಕು... "ನಿನ್ನೆ ಹೂಂ ಅಂದೆ, ನಾನು ನೋಡಿರಲಿಲ್ಲ. ಇವತ್ತು ನೋಡಿದೆ. ಈ ಜಾಲರಿ ಕಳಿಸೋಕೆ ಆಗಲ್ಲ." ಸಾಕಾ ಇಷ್ಟು? ಆಗಲ್ಲ. ಕಳಿಸೋಕೆ ಆಗಲ್ಲ. ಅವನು ಯಾಕೆ ಅಂತಾನೆ. ಭಾವನ ಪೈಪಿನ ವಿಷಯಾನೂ ಹೇಳಬೇಕಾಗುತ್ತೆ, ನಿನ್ನ ಎದುರಿಗೇ. ನಿಂತ್ಕೊಂಡು ಕೇಳ್ತೀಯಾ ಅದನ್ನ?

ಸರಿ.

ಕೀ ಎಲ್ಲಿ ಬಿತ್ತೋ, ನೀರಲ್ಲಿ ಕಾಣ್ತಿಲ್ಲ... ತಡಿ... ಹ್ಞಾಂ, ಸಿಕ್ತು.

ಸ್ವಲ್ಪ ಹಿಂದೆ ಸರಿ ಅಕ್ಕ. ಬಾಗಿಲು ನಿನ್ನ ಕಡೆಗೇ ತೆರ್ಕೊಳ್ಳುತ್ತೆ.